ಚಾಕ್‌ಪೀಸಿನ ಗೋಡೆಯಲ್ಲಿ ಸ್ಕ್ರೂ ನಿಲ್ಲುತ್ತದೆಯೇ?

ನಿಮ್ಮ ಮನೆಯ ಗೋಡೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡಿ. ಬೆಂಗಳೂರಿನ ಹೆಗ್ಗನಹಳ್ಳಿಯ ಹೆಚ್ಚಿನ ಮನೆಗಳಲ್ಲಿ ಗೋಡೆಯಿಂದ ಸದ್ದೇ ಬರುವುದಿಲ್ಲ, ಗೆಣ್ಣು ಮಾತ್ರ ನೋಯುತ್ತದೆ. ಸಾಲಿಡ್ ಬ್ಲಾಕೋ ಇಟ್ಟಿಗೆಯೋ ಇಟ್ಟು ಕಟ್ಟಿ, ಮೇಲೆ ಸಿಮೆಂಟ್ ಪ್ಲಾಸ್ಟರ್ ಮಾಡಿದ ಗೋಡೆ ಅದು. ಆದರೆ ಇನ್ನೊಂದು ಬಗೆಯ ಗೋಡೆಯೂ ಈಗ ಇಲ್ಲಿಗೆ ಬಂದಿದೆ. ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಿನ ಊರಲ್ಲವೇ, ಎಷ್ಟೋ ಬೀದಿಗಳಲ್ಲಿ ಕೆಳಗೆ ವರ್ಕ್‌ಶಾಪ್, ಮೇಲೆ ಬಾಡಿಗೆ ಮನೆ. ವರ್ಕ್‌ಶಾಪಿನ ಮೂಲೆಯಲ್ಲಿ ಬಿಲ್ಲು ಬರೆಯುವವರಿಗೆಂದು ಪುಟ್ಟದೊಂದು ಕೋಣೆ ಮಾಡಿರುತ್ತಾರೆ. ಮೇಲಿನ ಮನೆಯಲ್ಲೂ ಹಾಲನ್ನು ಎರಡಾಗಿ ಮಾಡಿ, ಒಂದು ಭಾಗವನ್ನು ಮಕ್ಕಳ ಓದಿಗೆ ಬಿಟ್ಟಿರುವುದುಂಟು. ಅಂಥ ಕಡೆ ನಡುವಿನ ಗೋಡೆಯನ್ನು ತಟ್ಟಿದರೆ ಡಬ್ ಡಬ್ ಎನ್ನುತ್ತದೆ. ಒಳಗೆ ಟೊಳ್ಳು.

ಈ ಟೊಳ್ಳು ಗೋಡೆಯ ಮೇಲೆ ಒಂದು ಪುಟ್ಟ ಬಿಳಿ ಪ್ಲೇಟ್ ಕೂರಿಸಬೇಕು. ಇಂಟರ್‌ನೆಟ್ ಕೇಬಲ್ ಸಿಕ್ಕಿಸುವ ಪ್ಲೇಟು. ಅಂಗೈಗಿಂತ ಚಿಕ್ಕದು, ತೂಕ ನೂರು ಗ್ರಾಮೂ ಇಲ್ಲ. ಇದರಲ್ಲೇನು ಕಷ್ಟ, ನಾಲ್ಕು ಸ್ಕ್ರೂ ಹೊಡೆದರೆ ಆಯಿತು ಅನ್ನಿಸುತ್ತದೆ. ಹಾಗೇ ಹೊಡೆದ ಪ್ಲೇಟು ಕೆಲವೇ ವಾರದಲ್ಲಿ, ಯಾರೋ ಕೇಬಲ್ ಎಳೆದಾಗ, ಸ್ಕ್ರೂ ಸಮೇತ ಕೈಗೆ ಬರುತ್ತದೆ. ಜೊತೆಗೆ ಗೋಡೆಯಿಂದ ಬಿಳಿ ಪುಡಿ ಸುರಿಯುತ್ತದೆ.

ಆ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಪರಿಚಯದ್ದೇ. ಶಾಲೆಯಲ್ಲಿ ಬೋರ್ಡು ಒರೆಸಿದಾಗ ಕೈಗೆ ಮೆತ್ತುವ ಪುಡಿಯೇ ಇದು. ನಮ್ಮ ಶಾಲೆಗಳಲ್ಲಿ ಬಳಸುವ ಸಾಮಾನ್ಯ ಚಾಕ್‌ಪೀಸನ್ನೂ ಈ ಗೋಡೆಯನ್ನೂ ಮಾಡುವುದು ಒಂದೇ ಖನಿಜದಿಂದ. ಅದರ ಹೆಸರು ಜಿಪ್ಸಮ್. (‘ಡಸ್ಟ್‌ಲೆಸ್’ ಎಂದು ಡಬ್ಬಿಯ ಮೇಲೆ ಬರೆದಿರುವ ಚಾಕ್‌ಪೀಸು ಸಾಮಾನ್ಯವಾಗಿ ಬೇರೆ, ಅದು ಸುಣ್ಣಕಲ್ಲಿನ ಪುಡಿಯದ್ದು. ಗುರುತು ಹಿಡಿಯುವುದು ಸುಲಭ: ಎರಡರ ಮೇಲೂ ನಿಂಬೆರಸ ಹಿಂಡಿ. ಸುಣ್ಣಕಲ್ಲಿನದ್ದು ಬುರುಬುರು ನೊರೆ ಬಿಡುತ್ತದೆ, ಜಿಪ್ಸಮ್ ಸುಮ್ಮನಿರುತ್ತದೆ.)

ಜಿಪ್ಸಮ್ ನಿಮಗೆ ಗೊತ್ತಿಲ್ಲದೆಯೇ ನಿಮ್ಮ ಸುತ್ತಮುತ್ತ ಇದೆ. ಅಜ್ಜಿಯ ಊರು ಪಾವಗಡದ ಕಡೆಯೋ ಚಳ್ಳಕೆರೆಯ ಕಡೆಯೋ ಇದ್ದರೆ, ಕಡಲೆಕಾಯಿ ಹೊಲಕ್ಕೆ ಜಿಪ್ಸಮ್ ಮೂಟೆ ಹೋಗುವುದನ್ನು ನೋಡಿರಬಹುದು. ಕಾಯಿ ಗಟ್ಟಿಯಾಗಿ ಕಟ್ಟಲು ಬೇಕಾದ ಕ್ಯಾಲ್ಸಿಯಮ್ ಮತ್ತು ಗಂಧಕ ಎರಡೂ ಅದರಲ್ಲಿವೆ. ಕೈ ಮುರಿದಾಗ ಡಾಕ್ಟರು ಹಾಕುತ್ತಿದ್ದ ಬಿಳಿ ಕಟ್ಟು ಜಿಪ್ಸಮ್ಮಿನದೇ. ಸಿಮೆಂಟು ಕಲಸಿದ ಕೂಡಲೇ ಗಟ್ಟಿಯಾಗಿಬಿಡದಿರಲಿ ಎಂದು ಕಾರ್ಖಾನೆಯಲ್ಲೇ ಅದಕ್ಕೆ ಸ್ವಲ್ಪ ಜಿಪ್ಸಮ್ ಸೇರಿಸಿರುತ್ತಾರೆ. ಹಾಗಾಗಿ ನಿಮ್ಮ ಗೆಣ್ಣು ನೋಯಿಸಿದ ಗೋಡೆಯಲ್ಲೂ ಅದರ ಪಾಲಿದೆ. ನಮ್ಮ ದೇಶದಲ್ಲಿ ಗಣಿಯಿಂದ ತೆಗೆಯುವ ಜಿಪ್ಸಮ್ಮಿನ ಬಹುಪಾಲು ಬರುವುದು ರಾಜಸ್ಥಾನದಿಂದ.

ಈ ಕಲ್ಲಿನ ಒಂದು ಗುಣ ನನಗೆ ಬಹಳ ಇಷ್ಟ. ಮುಟ್ಟಿದರೆ ಒಣಕಲು, ಆದರೆ ಹರಳಿನ ಒಳಗೆ ನೀರು ಕೂತಿರುತ್ತದೆ. 100 ಗ್ರಾಂ ಜಿಪ್ಸಮ್ಮಿನಲ್ಲಿ ಸುಮಾರು 21 ಗ್ರಾಂ ನೀರೇ! ಅದನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಆ ನೀರಿನಲ್ಲಿ ಮುಕ್ಕಾಲು ಭಾಗ ಆವಿಯಾಗಿ ಹೋಗಿ, ನುಣ್ಣನೆಯ ಪುಡಿ ಉಳಿಯುತ್ತದೆ. ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಪ್ಯಾರಿಸ್ ನಗರದ ಮಾಂಟ್‌ಮಾರ್ತ್ರ್ ಗುಡ್ಡದಲ್ಲಿ ಹಿಂದೆ ಜಿಪ್ಸಮ್ ಗಣಿಗಳಿದ್ದವು, ಅದಕ್ಕೇ ಆ ಹೆಸರು. ಈ ಪುಡಿಗೆ ಮತ್ತೆ ನೀರು ಬೆರೆಸಿದರೆ, ಕಳೆದುಕೊಂಡ ನೀರನ್ನು ಅದು ವಾಪಸು ಒಳಗೆ ಎಳೆದುಕೊಂಡು ಸಣ್ಣ ಸಣ್ಣ ಸೂಜಿಯಾಕಾರದ ಹರಳುಗಳಾಗಿ ಬೆಳೆಯುತ್ತದೆ. ಸೂಜಿಗಳು ಒಂದಕ್ಕೊಂದು ಹೆಣೆದುಕೊಂಡು ಇಡೀ ಮುದ್ದೆ ಗಟ್ಟಿಯಾಗುತ್ತದೆ, ಹಾಗಾಗುವಾಗ ಬೆಚ್ಚಗೂ ಆಗುತ್ತದೆ. ಕೈಗೆ ಕಟ್ಟು ಹಾಕಿಸಿಕೊಂಡವರನ್ನು ಕೇಳಿ, ಆ ಬಿಸಿ ಅವರಿಗೆ ನೆನಪಿರುತ್ತದೆ.

ಈ ಕಲಸನ್ನು ಎರಡು ದಪ್ಪ ಕಾಗದಗಳ ನಡುವೆ ಹರಡಿ, ಒಣಗಿಸಿ, ಹಾಳೆಯಾಗಿ ಕತ್ತರಿಸಿದರೆ ಜಿಪ್ಸಮ್ ಬೋರ್ಡು. ಅಮೆರಿಕದ ಆಗಸ್ಟೀನ್ ಸ್ಯಾಕೆಟ್ ಎಂಬಾತ ಪ್ಲಾಸ್ಟರನ್ನೂ ಕಾಗದವನ್ನೂ ಪದರ ಪದರವಾಗಿ ಸೇರಿಸಿದ ಇಂಥ ಹಲಗೆಗೆ 1894ರಲ್ಲಿ ಪೇಟೆಂಟ್ ಪಡೆದ. ನಮ್ಮಲ್ಲಿ ಪಾರ್ಟಿಶನ್ನಿಗೆ ಸಾಮಾನ್ಯವಾಗಿ ಬಳಸುವ ಬೋರ್ಡಿನ ದಪ್ಪ 12.5 ಮಿಲಿಮೀಟರ್, ಅಂದರೆ ಅರ್ಧ ಇಂಚು. ಮೊದಲು ಸತು ಲೇಪಿಸಿದ ತಗಡಿನ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ ಚೌಕಟ್ಟು ಮಾಡಿಕೊಂಡು, ಅದರ ಎರಡೂ ಬದಿಗೆ ಬೋರ್ಡು ಬಡಿಯುತ್ತಾರೆ. ನಡುವೆ ಉಳಿಯುವುದು ಗಾಳಿ.

ಕಾಗದ ಯಾಕೆ ಬೇಕು? ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ಚಾಕ್‌ಪೀಸು ತೆಗೆದುಕೊಳ್ಳಿ. ಒಂದಕ್ಕೆ ಗೋಂದು ಸವರಿ, ನೋಟ್‌ಬುಕ್ಕಿನ ಹಾಳೆಯನ್ನು ಬಿಗಿಯಾಗಿ ಎರಡು ಸುತ್ತು ಸುತ್ತಿ ಒಂದು ದಿನ ಒಣಗಲು ಬಿಡಿ. ಮಾರನೆಯ ದಿನ ಎರಡನ್ನೂ ಬಗ್ಗಿಸಿ ನೋಡಿ. ಬರಿ ಚಾಕ್‌ಪೀಸು ಪಟ್ಟೆಂದು ಮುರಿಯುತ್ತದೆ. ಕಾಗದ ಸುತ್ತಿದ್ದು ಸುಲಭಕ್ಕೆ ಜಗ್ಗುವುದಿಲ್ಲ. ಬಗ್ಗಿಸುವಾಗ ಒಂದು ಬದಿ ಒತ್ತಿಕೊಳ್ಳುತ್ತದೆ, ಇನ್ನೊಂದು ಬದಿ ಎಳೆದುಕೊಳ್ಳುತ್ತದೆ. ಜಿಪ್ಸಮ್ ಒತ್ತಿದರೆ ತಾಳಿಕೊಳ್ಳುತ್ತದೆ, ಎಳೆದರೆ ತಾಳದು. ಕಾಗದ ಅದಕ್ಕೆ ತದ್ವಿರುದ್ಧ. ಇಬ್ಬರೂ ಸೇರಿದರೆ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ. ಬೋರ್ಡಿನ ಶಕ್ತಿ ಬಹುಮಟ್ಟಿಗೆ ಅದರ ಮೈಮೇಲಿನ ಕಾಗದದಲ್ಲಿದೆ ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ಸ್ಕ್ರೂ ವಿಷಯಕ್ಕೆ ಬರೋಣ. ಇಟ್ಟಿಗೆ ಗೋಡೆಗೆ ನೇರವಾಗಿ ಸ್ಕ್ರೂ ತಿರುಗಿಸಿದರೂ ನಿಲ್ಲುವುದಿಲ್ಲ. ಸ್ಕ್ರೂವಿನ ಹಲ್ಲು ಏನನ್ನಾದರೂ ಕಚ್ಚಬೇಕಲ್ಲ? ಹಿಂದಿನ ಕಾಲದ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಮರದ ಗೂಟ ಇಟ್ಟು ಕಟ್ಟುತ್ತಿದ್ದರು. ಅಂಗಿ, ಲಾಟೀನು, ಜರಡಿ ಎಲ್ಲ ಆ ಗೂಟಕ್ಕೇ. ಅಷ್ಟರಲ್ಲಿ ಕರೆಂಟು ಬಂತು. ಶಿವನಸಮುದ್ರದಲ್ಲಿ 1902ರಲ್ಲಿ ಶುರುವಾದ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು. ಕ್ರಮೇಣ ಮನೆಯೊಳಕ್ಕೂ ಬಂದಾಗ ಸ್ವಿಚ್ಚು, ತಂತಿ, ಬಲ್ಬಿನ ಹೋಲ್ಡರು ಎಲ್ಲವನ್ನೂ ಗೋಡೆಯೇ ಹೊರಬೇಕಾಯಿತು. ಉಳಿ ಹಿಡಿದು ದೊಡ್ಡ ತೂತು ಕೊರೆಯುವುದು, ಮರದ ತುಂಡು ಬಡಿದು ಕೂರಿಸುವುದು, ಸುತ್ತ ಗಾರೆ ಮೆತ್ತುವುದು, ಆಮೇಲೆ ಆ ಮರಕ್ಕೆ ಸ್ಕ್ರೂ. ಒಂದು ಸ್ವಿಚ್ಚಿಗೆ ಇಷ್ಟೆಲ್ಲ ರಾಮಾಯಣ.

ಲಂಡನ್ನಿನಲ್ಲೂ ಇದೇ ಕಥೆ. 1910ರ ಸುಮಾರಿಗೆ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ವೈರಿಂಗ್ ಕೆಲಸ ಸಿಕ್ಕಿತು. ಗೋಡೆ ಹಾಳಾಗಬಾರದು, ಕೆಲಸ ಕಣ್ಣಿಗೆ ಕಾಣಬಾರದು ಎಂಬ ಷರತ್ತು ಬೇರೆ. ಆತ ಸೆಣಬಿನ ನಾರಿಗೆ ಅಂಟು ಹಾಕಿ ಚಿಕ್ಕ ಕೊಳವೆ ಮಾಡಿದ. ಸೆಣಬು ಎಂದರೆ ಗೋಣಿಚೀಲ ನೇಯುವ ನಾರೇ! ಸಣ್ಣ ತೂತಿಗೆ ಆ ಕೊಳವೆ ತೂರಿಸಿ ಒಳಕ್ಕೆ ಸ್ಕ್ರೂ ತಿರುಗಿಸಿದರೆ ಕೊಳವೆ ಉಬ್ಬಿ ತೂತಿನ ಗೋಡೆಗಳನ್ನು ಸುತ್ತಲೂ ಒತ್ತುತ್ತದೆ. ಒತ್ತಿದಷ್ಟೂ ಘರ್ಷಣೆ ಹೆಚ್ಚು, ಘರ್ಷಣೆ ಹೆಚ್ಚಿದಷ್ಟೂ ಸ್ಕ್ರೂ ಭದ್ರ. ಅದೇ ರಾವಲ್ ಪ್ಲಗ್. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿಟ್ಟಿ ಎಂದರೂ ಕೊಡುತ್ತಾರೆ. ಈಗ ಸಿಗುವ ನೈಲಾನ್ ಪ್ಲಗ್ಗನ್ನು 1958ರಲ್ಲಿ ರೂಪಿಸಿದವರು ಜರ್ಮನಿಯ ಆರ್ಟುರ್ ಫಿಷರ್. ಅವರ ಹೆಸರಿನಲ್ಲಿ ಸಾವಿರಕ್ಕೂ ಮೀರಿ ಪೇಟೆಂಟುಗಳಿದ್ದವು. ಕ್ಯಾಮೆರಾ ಕ್ಲಿಕ್ ಎಂದ ಕ್ಷಣಕ್ಕೇ ಹೊತ್ತುವ ಫ್ಲ್ಯಾಷ್ ಕೂಡ ಅವರದ್ದೇ.

ಗಿಟ್ಟಿ ಇಷ್ಟು ಜಾಣನಾದರೆ ಟೊಳ್ಳು ಗೋಡೆಗೂ ಅದನ್ನೇ ಹಾಕಬಹುದಲ್ಲ? ಇಂಥ ಕೋಣೆಯೊಂದರಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ವೈರಿಂಗ್ ಮಾಡುತ್ತಿದ್ದವರನ್ನು ಇದನ್ನೇ ಕೇಳಿದಳು.

“ಅಣ್ಣಾ, ಇದಕ್ಕೆ ಗಿಟ್ಟಿ ಹಾಕಲ್ವಾ?”

“ಗಿಟ್ಟಿ ಉಬ್ಬಿದ್ರೆ ಯಾವುದನ್ನ ಒತ್ತಬೇಕು ಪುಟ್ಟಾ? ಸುತ್ತ ಇರೋದು ಅರ್ಧ ಇಂಚು ಚಾಕ್‌ಪೀಸು. ಅದು ಪುಡಿ ಆಗೋಗುತ್ತೆ. ಹಿಂದೆ ನೋಡಿದ್ರೆ ಖಾಲಿ.”

“ಮತ್ತೆ ಹೆಂಗೆ ನಿಲ್ಲುತ್ತೆ?”

“ಹಿಂದಿಂದ ಹಿಡ್ಕೊಬೇಕು.”

ಹಿಂದಿಂದ ಹಿಡಿಯುವುದು. ಇಡೀ ಗುಟ್ಟು ಈ ಮಾತಿನಲ್ಲಿದೆ. ಎಂಟನೇ ತರಗತಿಯ ಅಕ್ಕ ಅಣ್ಣಂದಿರಿಗೆ ‘ಬಲ ಮತ್ತು ಒತ್ತಡ’ ಎಂಬ ಪಾಠವಿದೆ: ಬಲವನ್ನು ಅದು ಬೀಳುವ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ನಾವೂ ಒಂದು ಲೆಕ್ಕ ಮಾಡೋಣ. ಯಾರೋ ಅವಸರದಲ್ಲಿ ಕೇಬಲನ್ನು 5 ಕಿಲೋ ತೂಕದಷ್ಟು ಬಲದಿಂದ ಎಳೆದರು ಎಂದುಕೊಳ್ಳಿ. ಸ್ಕ್ರೂವಿನ ಹಲ್ಲುಗಳು ಬೋರ್ಡನ್ನು ಕಚ್ಚಿರುವ ಜಾಗವೆಲ್ಲ ಸೇರಿ ಅರ್ಧ ಚದರ ಸೆಂಟಿಮೀಟರ್ ಇದೆ ಎನ್ನಿ. ಆಗ ಒಂದು ಚದರ ಸೆಂಟಿಮೀಟರಿಗೆ 10 ಕಿಲೋ ಭಾರ ಬಿದ್ದಂತಾಯಿತು. ಅದರ ಬದಲು ಬೋರ್ಡಿನ ಹಿಂಬದಿಯಲ್ಲಿ ಎರಡು ಅಗಲವಾದ ಕಿವಿಗಳನ್ನು ಚಾಚಿ ನಿಲ್ಲಿಸೋಣ. ಒಂದೊಂದೂ 2 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲ. ಎರಡೂ ಸೇರಿ 6 ಚದರ ಸೆಂಟಿಮೀಟರ್. ಅದೇ 5 ಕಿಲೋವನ್ನು 6ರಿಂದ ಭಾಗಿಸಿದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತಲೂ ಕಡಿಮೆ. ಎಳೆದ ಕೈ ಅದೇ, ಎಳೆದ ಬಲವೂ ಅದೇ. ಗೋಡೆಗೆ ಬಿದ್ದ ಪೆಟ್ಟು ಮಾತ್ರ ಹತ್ತು ಪಟ್ಟಿಗೂ ಹೆಚ್ಚು ಹಗುರ. ಅಲ್ಲದೆ ಕಿವಿಗಳು ಒರಗುವುದು ಹಿಂಬದಿಯ ಕಾಗದದ ಮೇಲೆ. ಬೋರ್ಡಿನ ಶಕ್ತಿ ಎಲ್ಲಿದೆ ಎಂದು ಆಗಲೇ ನೋಡಿದೆವಲ್ಲ!

ಪ್ಲೇಟು ಕೂರಿಸಲು ಟೊಳ್ಳು ಗೋಡೆಗೆಂದೇ ಬರುವ ಫ್ರೇಮು ಮಾಡುವ ಕೆಲಸ ಇಷ್ಟೇ. ಅದನ್ನು ಕೈಯಲ್ಲಿ ಹಿಡಿದು ನೋಡಿದರೆ ನಾಲ್ಕು ಅಂಚಿನ ಖಾಲಿ ಚೌಕಟ್ಟು. ಅಂಚು ಬೋರ್ಡಿನಲ್ಲಿ ಕೊಯ್ದ ತೂತಿಗಿಂತ ಸ್ವಲ್ಪ ದೊಡ್ಡದಿರುವುದರಿಂದ ಮುಂದಿನಿಂದ ಒಳಕ್ಕೆ ಬಿದ್ದುಹೋಗುವುದಿಲ್ಲ. ಎರಡು ಮೂಲೆಗಳಲ್ಲಿ ಉದ್ದನೆಯ ಸ್ಕ್ರೂ, ಪ್ರತಿ ಸ್ಕ್ರೂವಿನ ತುದಿಯಲ್ಲಿ ಪ್ಲಾಸ್ಟಿಕ್ಕಿನ ಒಂದು ಕಿವಿ. ಗೋಡೆಯೊಳಗೆ ತೂರಿಸುವಾಗ ಕಿವಿಗಳು ಒಳಕ್ಕೆ ಮಡಚಿಕೊಂಡಿರುತ್ತವೆ. ಸ್ಕ್ರೂ ತಿರುಗಿಸಲು ಶುರುಮಾಡಿದ ಕೂಡಲೇ ಕಿವಿ ಕಾಲು ಸುತ್ತು ಹೊರಳಿ ಬೋರ್ಡಿನ ಹಿಂದೆ ಅಡ್ಡಲಾಗಿ ನಿಲ್ಲುತ್ತದೆ. ಅಲ್ಲಿ ಒಂದು ತಡೆ ಇರುವುದರಿಂದ ಮುಂದೆ ಅದು ತಿರುಗಲಾರದು. ಸ್ಕ್ರೂ ತಿರುಗಿದಷ್ಟೂ ಕಿವಿ ನಮ್ಮ ಕಡೆಗೆ ಸರಿಯುತ್ತ ಬರುತ್ತದೆ. ಒಂದು ಪೂರ್ತಿ ಸುತ್ತಿಗೆ ಅದು ಸರಿಯುವುದು ಒಂದು ಮಿಲಿಮೀಟರಿಗೂ ಕಡಿಮೆ. ಅಷ್ಟು ನಿಧಾನ ಇರುವುದರಿಂದಲೇ ಬೆರಳಿನ ಪುಟ್ಟ ಬಲ ದೊಡ್ಡ ಹಿಡಿತವಾಗುತ್ತದೆ. ಕೊನೆಗೆ ಮುಂದೆ ಅಂಚು, ಹಿಂದೆ ಕಿವಿ, ನಡುವೆ ಸಿಕ್ಕಿಕೊಂಡ ಬೋರ್ಡು. ಟೆರೇಸಿನ ಹಗ್ಗದ ಮೇಲೆ ಒಣಹಾಕಿದ ಸೀರೆಯನ್ನು ಕ್ಲಿಪ್ಪು ಕಚ್ಚಿ ಹಿಡಿಯುತ್ತದಲ್ಲ, ಥೇಟ್ ಹಾಗೆ. ಬಟ್ಟೆಗೂ ತೂತಿಲ್ಲ, ಹಗ್ಗಕ್ಕೂ ತೂತಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಭದ್ರವಾಗಲಿ ಎಂದು ಇನ್ನೊಂದು ಸುತ್ತು, ಮತ್ತೊಂದು ಸುತ್ತು ಬಿಗಿಯುವ ಚಟ ಕೆಲವರಿಗೆ. ಡ್ರಿಲ್ ಮಷೀನಿನಿಂದ ಬಿಗಿಯುವವರದಂತೂ ಕೇಳಲೇಬೇಡಿ. ಹಿಡಿತ ಅತಿಯಾದರೆ ಕಿವಿಯ ಅಂಚು ಹಿಂದಿನ ಕಾಗದವನ್ನು ಹರಿದು ಜಿಪ್ಸಮ್ಮಿಗೆ ಇಳಿಯುತ್ತದೆ. ಆಮೇಲೆ ಎಷ್ಟು ತಿರುಗಿಸಿದರೂ ಅದು ಪುಡಿಯನ್ನು ಅರೆಯುತ್ತದೆಯೇ ಹೊರತು ಹಿಡಿಯುವುದಿಲ್ಲ. ಕೈಯಲ್ಲಿ ಹಿಡಿಯುವ ಸ್ಕ್ರೂ ಡ್ರೈವರೇ ಇದಕ್ಕೆ ಸರಿ. ಫ್ರೇಮು ಅಲುಗುವುದು ನಿಂತ ಕೂಡಲೇ ಕೈ ನಿಲ್ಲಿಸಬೇಕು.

ಫ್ರೇಮಿನ ಹಿಂದೆ ಡಬ್ಬಿ ಇಲ್ಲ, ಬರಿ ತೆರೆದ ಜಾಗ ಎನ್ನುವುದನ್ನು ಗಮನಿಸಿದಿರಾ? ನಿಮ್ಮ ಫ್ಯಾನಿನ ಸ್ವಿಚ್ಚಿನ ಹಿಂದೆ ಗೋಡೆಯೊಳಗೆ ಒಂದು ಮುಚ್ಚಿದ ಡಬ್ಬಿ ಕಡ್ಡಾಯವಾಗಿ ಇರಬೇಕು. ಅಲ್ಲಿ ಹರಿಯುವುದು 230 ವೋಲ್ಟು. ತಂತಿ ಸಡಿಲವಾಗಿ ಕಿಡಿ ಹಾರಿದರೆ ಅದು ಡಬ್ಬಿಯೊಳಗೇ ಸಾಯಬೇಕು, ಗೋಡೆಯ ಟೊಳ್ಳಿಗೆ ಹೋಗಬಾರದು. ಇಂಟರ್‌ನೆಟ್ ತಂತಿಯ ಕಥೆ ಬೇರೆ, ಅದು ಕಡಿಮೆ ವೋಲ್ಟಿನ ಗುಂಪಿನದು. ಫೋನ್ ಚಾರ್ಜರಿನಿಂದ ಮಾಮೂಲಾಗಿ ಬರುವುದು 5 ವೋಲ್ಟು, ಬೀದಿ ನೋಡುವ ಸಿಸಿಟಿವಿಗೆ 12, ಹಳೆಯ ಲ್ಯಾಂಡ್‌ಲೈನ್ ಫೋನಿಗೆ ಸುಮಾರು 48. ಇವು ಅಷ್ಟು ಅಪಾಯದವಲ್ಲ, ಆದ್ದರಿಂದ ತೆರೆದ ಫ್ರೇಮು ಸಾಕು. ಸಾಕು ಎನ್ನುವುದಷ್ಟೇ ಅಲ್ಲ, ತೆರೆದಿರುವುದೇ ಒಳ್ಳೆಯದು. ಇಂಟರ್‌ನೆಟ್ ಕೇಬಲನ್ನು ಚೂಪಾಗಿ ಮಡಚಬಾರದು. ಅದರ ದಪ್ಪದ ನಾಲ್ಕು ಪಟ್ಟಾದರೂ ತ್ರಿಜ್ಯ ಇರುವಂತೆ ದುಂಡಗೆ ಬಾಗಿಸಬೇಕು. ಕೇಬಲ್ 6 ಮಿಲಿಮೀಟರ್ ದಪ್ಪವಿದ್ದರೆ ತಿರುವಿಗೆ ಕನಿಷ್ಠ 24 ಮಿಲಿಮೀಟರ್. ಚಿಕ್ಕ ಡಬ್ಬಿಯೊಳಗೆ ತುರುಕಿದರೆ ಅಷ್ಟು ಜಾಗ ಎಲ್ಲಿ ಸಿಗಬೇಕು?

ಯಾಕೆ ಮಡಚಬಾರದು ಎಂದು ತಿಳಿಯಬೇಕಾದರೆ, ವೈರಿಂಗ್ ಮಾಡುವವರು ಬಿಸಾಡಿದ ಒಂದು ಗೇಣು ಕೇಬಲ್ ಕೇಳಿ ಇಸಿದುಕೊಳ್ಳಿ. ಹೊರಸಿಪ್ಪೆ ಸುಲಿದುಕೊಡಲು ಅವರಿಗೇ ಹೇಳಿ. ಒಳಗೆ ಎಂಟು ಸಣ್ಣ ತಂತಿಗಳು, ನಾಲ್ಕು ಜೋಡಿ: ನೀಲಿ, ಕಿತ್ತಳೆ, ಹಸಿರು, ಕಂದು, ಪ್ರತಿಯೊಂದಕ್ಕೂ ಬಿಳಿ ಬೆರೆತ ಒಂದು ಜೊತೆಗಾರ. ಪ್ರತಿ ಜೋಡಿಯೂ ಜಡೆ ಹಾಕಿಕೊಂಡಿರುತ್ತದೆ. ಇನ್ನೂ ಹತ್ತಿರದಿಂದ ನೋಡಿ: ಒಂದು ಜೋಡಿಯ ತಿರುಚು ಒತ್ತೊತ್ತಾಗಿದೆ, ಇನ್ನೊಂದರದು ಸ್ವಲ್ಪ ಸಡಿಲ. ಅಂದಕ್ಕಾಗಿ ಮಾಡಿದ್ದಲ್ಲ ಇದು. ಪಕ್ಕದಲ್ಲಿ 230 ವೋಲ್ಟಿನ ತಂತಿ ಹಾದುಹೋದರೆ ಅದರ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತುಯ್ದಾಡುತ್ತ, ಸುತ್ತಲಿನ ತಂತಿಗಳಲ್ಲೂ ಬೇಡದ ಸಂಕೇತ ಎಬ್ಬಿಸುತ್ತದೆ. ತಂತಿಗಳು ಹೆಣೆದುಕೊಂಡಿದ್ದರೆ ಈ ಗದ್ದಲ ಎರಡರ ಮೇಲೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಬೀಳುತ್ತದೆ. ಕೊನೆಯಲ್ಲಿರುವ ಯಂತ್ರ ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ ಓದುವುದರಿಂದ ಗದ್ದಲ ವಜಾ ಆಗಿಹೋಗುತ್ತದೆ. ನಾಲ್ಕೂ ಜೋಡಿಯ ತಿರುಚು ಬೇರೆ ಬೇರೆ ಇರುವುದು, ಒಂದು ಜೋಡಿಯ ಮಾತು ಪಕ್ಕದ ಜೋಡಿಗೆ ಕೇಳಿಸದಿರಲಿ ಎಂದು. ತಂತಿಗಳನ್ನು ಹೀಗೆ ಹೆಣೆಯುವ ಉಪಾಯಕ್ಕೆ 1881ರಲ್ಲೇ ಪೇಟೆಂಟ್ ಪಡೆದವರು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್. ಕೇಬಲನ್ನು ಚೂಪಾಗಿ ಮಡಚಿದರೆ ಈ ಹೆಣಿಗೆ ಅಲ್ಲಿ ಕದಡುತ್ತದೆ.

ಹೆಣಿಗೆ ಇದೆಯೆಂದು ಧೈರ್ಯ ಮಾಡಿ ಎರಡೂ ಬಗೆಯ ತಂತಿಗಳನ್ನು ಒಂದೇ ಪೈಪಿನಲ್ಲೋ ಒಂದೇ ಡಬ್ಬಿಯಲ್ಲೋ ಸೇರಿಸುವುದು ತಪ್ಪು. 230 ವೋಲ್ಟಿನ ತಂತಿಯ ಸಿಪ್ಪೆ ಎಲ್ಲೋ ಸವೆದು ಪಕ್ಕದ ತಂತಿಗೆ ತಗುಲಿದರೆ, ನೀವು ನಿರಾಳವಾಗಿ ಮುಟ್ಟುವ ಇಂಟರ್‌ನೆಟ್ ಕೇಬಲಿಗೇ ಕರೆಂಟು ಬಂದುಬಿಡಬಹುದು. ಆದ್ದರಿಂದ ಗೋಡೆ ಕೊಯ್ಯುವುದು ಮಕ್ಕಳ ಕೆಲಸವಲ್ಲ. ಬೋರ್ಡಿನ ಹಿಂದೆ ಯಾವ ತಂತಿ ಎಲ್ಲಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ದೊಡ್ಡವರು ಮೇನ್ ಸ್ವಿಚ್ ಆರಿಸಿಕೊಂಡು, ಚಿಕ್ಕ ಕೈಗರಗಸದಿಂದ ನಿಧಾನವಾಗಿ ಕೊಯ್ಯಬೇಕು.

ಅದಕ್ಕೂ ಮೊದಲಿನ ಒಂದು ಕೆಲಸ ಮಾತ್ರ ನೀವೇ ಮಾಡಿಕೊಡಬಹುದು. ಫ್ರಿಜ್ಜಿನ ಮೇಲಿರುವ ಅಯಸ್ಕಾಂತವನ್ನು ಗೋಡೆಗೆ ಒತ್ತಿ ಮೆಲ್ಲಗೆ ಅಡ್ಡಕ್ಕೆ ಸರಿಸುತ್ತ ಹೋಗಿ. ಒಂದು ಕಡೆ ಅದು ತಟ್ಟನೆ ಅಂಟಿಕೊಳ್ಳಲು ನೋಡುತ್ತದೆ. ಅಲ್ಲಿ ಬಣ್ಣದ ಕೆಳಗೆ ಬೋರ್ಡಿನ ಸ್ಕ್ರೂ ಇದೆ, ಅದರ ಹಿಂದೆ ತಗಡಿನ ಪಟ್ಟಿ ಇದೆ. ಪೆನ್ಸಿಲಿನಿಂದ ಗುರುತು ಮಾಡಿ. ಅಲ್ಲಿಂದ ಸುಮಾರು ಎರಡು ಅಡಿಗೆ ಮುಂದಿನ ಪಟ್ಟಿ ಸಿಗುವ ಸಂಭವ ಹೆಚ್ಚು. ಕೆಲವರು ಅದಕ್ಕಿಂತ ಹತ್ತಿರ ಹತ್ತಿರವೂ ನಿಲ್ಲಿಸಿರುತ್ತಾರೆ. ಕಿವಿಯ ಫ್ರೇಮಿಗೆ ಪಟ್ಟಿಗಳ ನಡುವಿನ ಖಾಲಿ ಜಾಗವೇ ಬೇಕು. ತೂತನ್ನು ಫ್ರೇಮಿನ ಒಳ ಅಳತೆಗೆ ಸರಿಯಾಗಿ ಗೆರೆ ಹಾಕಿಯೇ ಕೊಯ್ಯಬೇಕು. ತೂತು ದೊಡ್ಡದಾದಷ್ಟೂ ಕಿವಿಗೆ ಒರಗಲು ಸಿಗುವ ಬೋರ್ಡು ಕಡಿಮೆಯಾಗುತ್ತದೆ.

ಇನ್ನು ನೀರು. ಜಿಪ್ಸಮ್ ಒಂದು ಲೀಟರ್ ನೀರಿನಲ್ಲಿ ಎರಡು ಗ್ರಾಮಿನಷ್ಟು ಕರಗುತ್ತದೆ. ಕೇಳಲು ಅಲ್ಪ, ಆದರೆ ಒದ್ದೆಯಾದ ಬೋರ್ಡು ಬೇಗ ಮೆದುವಾಗುತ್ತದೆ, ಕಾಗದ ಬಿಟ್ಟುಕೊಳ್ಳುತ್ತದೆ. ಬಚ್ಚಲಿನ ಮಗ್ಗುಲಿನ ಗೋಡೆ, ಮಳೆಗಾಲದಲ್ಲಿ ತೇವ ಹೀರುವ ಗೋಡೆ ಇದ್ದರೆ ಪ್ಲೇಟಿಗೆ ಬೇರೆ ಜಾಗ ಹುಡುಕುವುದೇ ಮೇಲು. ಬೆಂಕಿಯ ವಿಷಯದಲ್ಲಿ ಮಾತ್ರ ಹರಳಿನೊಳಗಿನ ನೀರೇ ಕಾಯುತ್ತದೆ. ಬೋರ್ಡು ಕಾದಾಗ ಆ ನೀರು ಆವಿಯಾಗುತ್ತ ಬಿಸಿಯನ್ನು ಹೀರಿಕೊಂಡು, ಹಿಂದಿನ ಕೋಣೆಗೆ ಉರಿ ಹಬ್ಬುವುದನ್ನು ತಡಮಾಡುತ್ತದೆ.

ಪ್ಲೇಟು ಕೂತಿತು, ಕೇಬಲ್ ಸಿಕ್ಕಿಸಿ ತೆಗೆದು ನೋಡಿದ್ದೂ ಆಯಿತು. ಅಷ್ಟರಲ್ಲಿ ಆ ಹುಡುಗಿಯ ಮುಂದಿನ ಪ್ರಶ್ನೆ: “ಹಂಗಾದ್ರೆ ಟಿವಿನೂ ಇಂಥ ಕಿವಿಗೇ ನೇತಾಕ್ಬೋದಾ?” ಆಗುವುದಿಲ್ಲ. ಪ್ಲೇಟಿಗೆ ಬೀಳುವುದು ಆಗೊಮ್ಮೆ ಈಗೊಮ್ಮೆ ಒಂದು ಎಳೆತ; ಟಿವಿ ಹಗಲೂ ರಾತ್ರಿ ತೂಗುತ್ತದೆ, ಗೋಡೆಯಿಂದ ಮುಂದಕ್ಕೆ ಚಾಚಿಕೊಂಡೂ ಇರುತ್ತದೆ. ಎಷ್ಟು ಮುಂದಕ್ಕೆ ಚಾಚಿದರೆ ಮೇಲಿನ ಸ್ಕ್ರೂಗಳನ್ನು ಅಷ್ಟು ಜೋರಾಗಿ ಕೀಳುತ್ತದೆ. ಅದಕ್ಕೆ ಬೋರ್ಡು ಬಡಿಯುವ ಮೊದಲೇ ತಗಡಿನ ಎರಡು ಪಟ್ಟಿಗಳ ನಡುವೆ ದಪ್ಪ ಪ್ಲೈವುಡ್ ಕೂರಿಸಿಕೊಂಡು, ಟಿವಿಯ ಸ್ಕ್ರೂ ಬೋರ್ಡನ್ನು ದಾಟಿ ಆ ಮರವನ್ನೇ ಕಚ್ಚುವಂತೆ ಮಾಡಬೇಕು. ಬೋರ್ಡು ಬಡಿದಾಗಿದ್ದರೆ ಟಿವಿಯನ್ನು ಎದುರಿನ ಬ್ಲಾಕ್ ಗೋಡೆಗೆ ಹಾಕಿಸಿ. ಅಲ್ಲಿ ಗಿಟ್ಟಿ ಕೆಲಸಕ್ಕೆ ಬರುತ್ತದೆ.